ಚಳಿಗಾಲದಲ್ಲಿ ಮನೆಯಲ್ಲೊಂದು ಸಾವು, ಹಿಂದೆಯೇ ಸಾಲುಸಾಲು ತಾಪತ್ರಯ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಹಗಲುಬೆಳಕು (ಪ್ರಶ್ನೆ)

ಮನೆಯ ಹಿರಿಯರಾದ ಅಪ್ಪ ತೀರಿಕೊಂಡು ಐದು ವಾರ ಆಗಿದೆ. ಈಗ ಮನೆಯಲ್ಲಿ ನಾಲ್ಕು ಜನ: 72 ವರ್ಷದ ಅಮ್ಮ, ನಡುವಯಸ್ಸಿನ ಇಬ್ಬರು, ಆರು ವರ್ಷದ ಮಗು. ಗಾಯದ ಮೇಲೆ ಬರೆ ಎಳೆದ ಹಾಗೆ ಗೀಸರ್ ಕೆಟ್ಟಿದೆ, ಸಿಂಕಿನ ಕೆಳಗೆ ಪೈಪು ಜಿನುಗುತ್ತಿದೆ, ಕಾರು ಬೆಳಗಿನ ಹೊತ್ತು ಸ್ಟಾರ್ಟ್ ಆಗುತ್ತಿಲ್ಲ. ಬಂದ ಲಕೋಟೆಗಳು ಒಡೆಯದೆ ಹಾಗೇ ಗುಡ್ಡೆ ಬಿದ್ದಿವೆ. ಸಂಜೆ ಬೇಗ ಕತ್ತಲಾಗುತ್ತೆ, ಆಮೇಲೆ ಯಾರಿಗೂ ಎದ್ದು ಒಂದು ಕೆಲಸ ಮಾಡುವ ಮನಸ್ಸಿರಲ್ಲ.

ಸಮಾಧಾನ ಹೇಳುವವರು ಇದ್ದಾರೆ, ಅವರಿಗೆ ಋಣಿ. ಇಲ್ಲಿ ಕೇಳುತ್ತಿರುವುದು ಕೆಲಸದ ಮಾತು. ಇವುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಧೈರ್ಯವಾಗಿ ಬಿಡಬಹುದು? ಎಲ್ಲವೂ ಒಟ್ಟಿಗೇ ಯಾಕೆ ಕೆಡುತ್ತವೆ ಅನ್ನುವುದಕ್ಕೆ ಏನಾದರೂ ಅರ್ಥ ಇದೆಯಾ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮೆಲುದನಿ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಅರ್ಥವಾದರೆ ಉಳಿದದ್ದು ಸುಲಭ. ಎಲ್ಲವೂ ಒಟ್ಟಿಗೆ ಕೆಟ್ಟಂತೆ ಕಾಣುವುದರಲ್ಲಿ ಸ್ವಲ್ಪ ಪಾಲು ಬರೀ ಕಾಕತಾಳೀಯ. ಆದರೆ ಉಳಿದ ಪಾಲಿಗೆ ಕಾರಣಗಳಿವೆ. ಮನೆಯಲ್ಲಿ ಕಾಯಿಲೆಯವರು ಇದ್ದಾಗ ತಿಂಗಳುಗಟ್ಟಲೆ ರಿಪೇರಿ, ಬಿಲ್ಲು, ಸರ್ವೀಸು ಎಲ್ಲ ಮುಂದಕ್ಕೆ ಹೋಗಿರುತ್ತವೆ. ಚಳಿ ಬಂದಾಗ ಗೀಸರ್, ಬ್ಯಾಟರಿ, ಪೈಪು, ಹೀಟರ್ ಎಲ್ಲದರ ಮೇಲೂ ಒಂದೇ ಸಲ ಭಾರ ಬೀಳುತ್ತದೆ. ಮೂರನೆಯದು, ದುಃಖದಲ್ಲಿರುವವರ ಗಮನ ಮತ್ತು ತಾತ್ಕಾಲಿಕ ನೆನಪು ಎರಡೂ ಕುಗ್ಗುತ್ತವೆ. ಒಲೆ ಆರಿಸಿದೆನಾ, ಬೀಗದ ಕೈ ಎಲ್ಲಿಟ್ಟೆ, ಮಾತ್ರೆ ತಗೊಂಡೆನಾ ಅನ್ನುವುದೆಲ್ಲ ಅಲ್ಲಿಂದ ಬರುತ್ತದೆ. ಅದು ತಲೆ ಕೆಟ್ಟ ಲಕ್ಷಣ ಅಲ್ಲ, ಯಾರ ತಪ್ಪೂ ಅಲ್ಲ. ಆದರೆ ಇವು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ: ನಿದ್ದೆಯಿಲ್ಲದೆ ಬಿಲ್ಲು ಮರೆತುಹೋಗುತ್ತದೆ, ಬಿಲ್ಲಿನಿಂದ ದಂಡ, ದಂಡದ ಚಿಂತೆಯಲ್ಲಿ ಮತ್ತೆ ನಿದ್ದೆಯಿಲ್ಲ. ಎಲ್ಲವನ್ನೂ ಸರಿಮಾಡಲು ಹೊರಡಬೇಡಿ, ಕೊಂಡಿ ಎಲ್ಲಿ ಕಳಚುತ್ತದೋ ನೋಡಿ.

ಸಣ್ಣ ಕಿರಿಕಿರಿಗಳನ್ನು ಹಗುರವಾಗಿ ನೋಡಬಾರದು ಅನ್ನುವುದಕ್ಕೆ ಆಧಾರವೂ ಇದೆ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಮನೋವೈದ್ಯರು 43 ಜೀವನಘಟನೆಗಳಿಗೆ, ಅವು ತರುವ ಒತ್ತಡದ ಪ್ರಕಾರ, ಅಂಕ ಕೊಟ್ಟ ಪಟ್ಟಿ ಮಾಡಿದರು. ಅದರಲ್ಲಿ ಸಂಗಾತಿಯ ಸಾವಿಗೆ 100, ಹತ್ತಿರದ ಕುಟುಂಬದವರ ಸಾವಿಗೆ 63. 1981ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಯಾನರ್, ಲಾಜರಸ್ ಮತ್ತು ಸಂಗಡಿಗರು ದಿನನಿತ್ಯದ ಕಿರಿಕಿರಿಗಳನ್ನೂ ಅಳೆದು ನೋಡಿದಾಗ, ಮನಸ್ಸಿನ ತೊಂದರೆಗಳ ಲಕ್ಷಣಗಳನ್ನು ದೊಡ್ಡ ಘಟನೆಗಳಿಗಿಂತ ಈ ಕಿರಿಕಿರಿಗಳೇ ಚೆನ್ನಾಗಿ ಮುಂಗಾಣಿಸಿದವು. ಇಷ್ಟು ದೊಡ್ಡ ನೋವಿನ ನಡುವೆ ಗೀಸರ್‌ಗಾಗಿ ಕಣ್ಣೀರು ಬಂತಲ್ಲ ಎಂದು ಯಾರೂ ನಾಚಬೇಕಾಗಿಲ್ಲ.

ಇನ್ನು ಕ್ರಮ. ಒಂದು ಹಾಳೆ ತಗೊಳ್ಳಿ, ತಲೆಯಲ್ಲಿರುವ ಪ್ರತಿಯೊಂದನ್ನೂ ಬರೆಯಿರಿ. ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ: ಎರಡು ವಾರ ಮುಟ್ಟದೆ ಬಿಟ್ಟರೆ ಇದು ಬೆಳೆಯುತ್ತದೋ, ಇದ್ದಷ್ಟೇ ಇರುತ್ತದೋ? ಜಿನುಗುವ ಪೈಪು, ಮನೆ ಬೆಚ್ಚಗಿಡುವ ವ್ಯವಸ್ಥೆ, ಅಮ್ಮನ ಔಷಧಿ, ಕಡೇ ದಿನಾಂಕವಿರುವ ಬಿಲ್ಲು, ವಿಮೆಯ ಅರ್ಜಿ: ಇವು ಬೆಳೆಯುವಂಥವು. ಹೋದವರ ಬೀರು, ಬಟ್ಟೆ, ಪುಸ್ತಕ, ಅವರ ಕೋಣೆ, ಮನೆ ಮಾರುವ ಮಾತು, ಬಂದವರಿಗೆಲ್ಲ ಉತ್ತರ ಬರೆಯುವುದು: ಇವು ಒಂದು ವರ್ಷ ಬಿಟ್ಟರೂ ಇದ್ದ ಹಾಗೇ ಇರುತ್ತವೆ. ಎರಡನೆಯ ಗುಂಪಿನ ಮೇಲೆ ಒಂದು ಗೆರೆ ಎಳೆದು, ಮತ್ತೆ ತೆರೆಯುವ ದಿನಾಂಕ ಬರೆದುಬಿಡಿ. ದಿನಾಂಕ ಇಲ್ಲದಿದ್ದರೆ ಮನಸ್ಸು ಅದನ್ನು ಬಿಡುವುದಿಲ್ಲ. ಮೊದಲ ಗುಂಪಿನಿಂದ ದಿನಕ್ಕೆ ಮೂರು ಕೆಲಸ, ಅದರಲ್ಲಿ ಫೋನು ಮಾಡುವ ಕೆಲಸ ಒಂದೇ. ಮೂರಕ್ಕಿಂತ ಹೆಚ್ಚು ಬರೆದ ದಿನ ಒಂದೂ ಆಗದೆ ಸಂಜೆಗೆ ಸೋತ ಭಾವ ಉಳಿಯುತ್ತದೆ.

ಬಟ್ಟೆಯ ವಿಷಯದಲ್ಲಿ ಒಂದೇ ಒಂದು ಅಪವಾದ. ಒಗೆಯುವ ಮುಂಚೆ ಅವರು ಉಟ್ಟ ಒಂದು ಬಟ್ಟೆಯನ್ನು ಗಾಳಿಯಾಡದ ಕವರಿನಲ್ಲಿ ಹಾಕಿ ಮುಚ್ಚಿಡಿ. ವಾಸನೆ ಒಮ್ಮೆ ಹೋದರೆ ಮತ್ತೆ ಬರದು, ಆರು ತಿಂಗಳ ನಂತರ ಅದನ್ನು ಹುಡುಕುವವರು ತುಂಬ ಜನ. ಅವರ ದನಿ ಇರುವ ಫೋನ್ ಸಂದೇಶಗಳನ್ನೂ ಈ ವಾರವೇ ಎರಡು ಕಡೆ ನಕಲು ಮಾಡಿ. ಫೋನು ಕೆಟ್ಟರೆ ಅಥವಾ ಖಾತೆ ಮುಚ್ಚಿದರೆ ಹೋದದ್ದು ಹೋದಂತೆಯೇ.

ಕೆಲಸದಲ್ಲಿ ಮುಳುಗಿದರೆ ದುಃಖವನ್ನು ಅದುಮಿದ ಹಾಗಾಗುವುದಿಲ್ಲವೇ ಎಂಬ ಅಳುಕು ಬರುವುದುಂಟು. 1999ರಲ್ಲಿ ಅಗಲಿಕೆಯ ದುಃಖದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಕೊಟ್ಟ ವಿವರಣೆ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಅಗಲಿಕೆಯನ್ನು ನೇರ ಎದುರಿಸುವುದು ಒಂದು ಕಡೆ, ಬದಲಾದ ಬದುಕನ್ನು ಕಟ್ಟಿಕೊಳ್ಳುವುದು ಇನ್ನೊಂದು ಕಡೆ. ಜನ ಈ ಎರಡರ ನಡುವೆ ಉಯ್ಯಾಲೆಯ ಹಾಗೆ ಓಲಾಡುತ್ತಾರೆ, ಆ ಓಲಾಟವೇ ಆರೋಗ್ಯದ ಗುರುತು. ಪೈಪು ಕಟ್ಟುವ ಅರ್ಧ ಗಂಟೆ ಮರೆತಿದ್ದರೆ ಅದು ಪ್ರೀತಿ ಕಡಿಮೆಯಾದದ್ದಲ್ಲ, ಮನಸ್ಸಿಗೆ ಸಿಕ್ಕ ಬಿಡುವು. "ದುಃಖದ ಐದು ಹಂತ ದಾಟಬೇಕು" ಅನ್ನುವ ಮಾತನ್ನು ಮಾತ್ರ ತಲೆಗೆ ಹಚ್ಚಿಕೊಳ್ಳಬೇಡಿ. ಮನೋವೈದ್ಯೆ ಕೂಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಬಗ್ಗೆ. ಉಳಿದವರು ಒಂದಾದ ಮೇಲೊಂದರಂತೆ ಮೆಟ್ಟಿಲು ಹತ್ತಬೇಕೆಂಬ ನಿಯಮ ಎಲ್ಲೂ ಇಲ್ಲ.

ಪಾನಾಪೆಟ್ಟಿಗೆ

ಮೇಲಿನವರು ಹೇಳಿದ ಕ್ರಮ ಸರಿ ಇದೆ. ರಿಪೇರಿ ಭಾಗ ನಾನು ಬರೀತೀನಿ. ಆದರೆ ಗೀಸರ್‌ಗಿಂತ, ಕಾರಿಗಿಂತ ಮುಂಚೆ ಒಂದು ಮಾತು, ಇದು ಜೀವದ ಪ್ರಶ್ನೆ.

ಮನೆ ಬೆಚ್ಚಗಿಡೋಕೆ ಇದ್ದಿಲು, ಸೌದೆ, ಗ್ಯಾಸು, ಸೀಮೆಎಣ್ಣೆ ಏನೇ ಉರಿಸ್ತಿದ್ದರೂ ಕಾರ್ಬನ್ ಮಾನಾಕ್ಸೈಡ್ ನೆನಪಿರಲಿ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಲಕ್ಷಣ ಏನು ಅಂದ್ರೆ ತಲೆನೋವು, ಸುಸ್ತು, ವಾಕರಿಕೆ, ಮಂಕು. ಸಾವಾದ ಮನೆಯಲ್ಲಿ ಇವೆಲ್ಲ "ಅತ್ತೂ ಅತ್ತೂ ಹೀಗಾಗಿದೆ" ಅಂತ ತಳ್ಳಿಹಾಕಿಬಿಡ್ತಾರೆ, ಅಪಾಯ ಇರೋದೇ ಅಲ್ಲಿ. ಎರಡು ಗುರುತು ನೋಡಿ: ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆನೋವು ಬರ್ತಿದೆಯಾ, ಹೊರಗೆ ಹೋದರೆ ಕಮ್ಮಿ ಆಗುತ್ತಾ? ಹೌದು ಅಂದ್ರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಇದ್ದಿಲು ಒಲೆಯನ್ನ ಮಲಗೋ ಕೋಣೆಗೆ ಯಾವ ಕಾರಣಕ್ಕೂ ತರ್ಬೇಡಿ, ಕೆಂಡ ಬೂದಿ ಮುಚ್ಚಿದ ಮೇಲೂ ಅನಿಲ ಬಿಡ್ತಾನೇ ಇರುತ್ತೆ. ಅಲಾರಂ ಸಿಗುತ್ತೆ, ಮಲಗೋ ಕೋಣೆ ಹತ್ತಿರ ಹಾಕಿ. ಹಾಗಂತ ಚಳಿಯಲ್ಲಿ ನಡುಗಿಕೊಂಡು ಕೂರೋದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಮನೆಯೊಳಗೆ 18 ಡಿಗ್ರಿ ಸೆಲ್ಸಿಯಸ್ ಇರಲಿ ಅಂದಿದೆ, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕಾಗಬಹುದು. ಇಡೀ ಮನೆ ಆಗದಿದ್ದರೆ ಒಂದು ಕೋಣೆ ಬೆಚ್ಚಗೆ ಮಾಡಿಕೊಂಡು ಎಲ್ಲರೂ ಅಲ್ಲೇ ಇರಿ.

ಪೈಪು. ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಯಲ್ಲಿ ದೊಡ್ಡವರೆಲ್ಲರಿಗೂ ಇವತ್ತೇ ತೋರಿಸಿ, ಎಷ್ಟೋ ಮನೆಯಲ್ಲಿ ಅದು ಗೊತ್ತಿದ್ದವರು ಒಬ್ಬರೇ ಇರ್ತಾರೆ. ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ಪೈಪು ಖಾಲಿ ಮಾಡಿ. ಸಿಂಕಿನ ಕೆಳಗೆ ಒಣ ಟಿಶ್ಯೂ ಪೇಪರ್ ಸುತ್ತಿ ನೋಡಿದರೆ ನಿಜವಾದ ಜಾಗ ಸಿಗುತ್ತೆ. ನೀರು ಪೈಪಿನ ಮೈಮೇಲೆ ಹರಿದು ಬೇರೆ ಕಡೆ ತೊಟ್ಟಿಕ್ಕೋದರಿಂದ ಜನ ತಪ್ಪು ಜಾಗಕ್ಕೆ ಪಟ್ಟಿ ಸುತ್ತುತ್ತಾರೆ. ಜಾಯಿಂಟಿನಲ್ಲಿ ಜಿನುಗುತ್ತಿದ್ದರೆ ಕಾಲು ಸುತ್ತು ಬಿಗಿ ಮಾಡಿ ನೋಡಿ, ನಿಲ್ಲದಿದ್ದರೆ ಬಿಚ್ಚಿ ವಾಷರ್ ಬದಲಿಸಿ. ಪ್ಲಾಸ್ಟಿಕ್ ನಟ್ ಆದರೆ ಪಾನಾ ಬೇಡ, ಕೈಯಲ್ಲೇ ಸಾಕು, ಜಾಸ್ತಿ ತಿರುಗಿಸಿದರೆ ಸೀಳುತ್ತೆ. ಪೈಪಿನ ಮೈಯಲ್ಲೇ ಬಿರುಕಿದ್ದರೆ ತಾತ್ಕಾಲಿಕವಾಗಿ ತನ್ನಷ್ಟಕ್ಕೆ ಅಂಟುವ ಸಿಲಿಕಾನ್ ಟೇಪು ತಗೊಳ್ಳಿ. ಪೈಪು ಪೂರ್ತಿ ಒಣಗಿಸಿ, ಟೇಪನ್ನ ಎರಡು ಮೂರು ಪಟ್ಟು ಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧಕ್ಕೆ ಕೂರುವಂತೆ ಸುತ್ತಿ. ಎಳೆಯದೆ ಸಡಿಲವಾಗಿ ಸುತ್ತಿದರೆ ಅದು ಹಿಡಿಯೋದೇ ಇಲ್ಲ. ಇದು ಪ್ಲಂಬರ್ ಬರೋವರೆಗೆ ಮಾತ್ರ.

ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗೋ ಜಾಗದಲ್ಲಿದ್ದರೆ ಇನ್ನೊಂದು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತೆ, ಪೈಪು ಒಡೆಯೋದು ಅದಕ್ಕೇ. ಹೆಪ್ಪುಗಟ್ಟಿದ ಪೈಪನ್ನ ನಲ್ಲಿ ತೆರೆದಿಟ್ಟು, ನಲ್ಲಿ ಕಡೆಯಿಂದ ಹಿಂದಕ್ಕೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡ್ತಾ ಹೋಗಿ. ಬೆಂಕಿ ಹಿಡಿಯಬೇಡಿ.

ಗೀಸರ್: ಸ್ವಿಚ್ ಹಾಕಿದ ತಕ್ಷಣ ಮನೆಯ ಟ್ರಿಪ್ ಸ್ವಿಚ್ ಬೀಳುತ್ತಿದ್ದರೆ ಹೀಟಿಂಗ್ ಎಲಿಮೆಂಟಿನಿಂದ ಕರೆಂಟು ಸೋರುತ್ತಿರೋ ಸಾಧ್ಯತೆ ಹೆಚ್ಚು. ಮತ್ತೆ ಮತ್ತೆ ಎತ್ತಬೇಡಿ, ಆ ಟ್ರಿಪ್ ನಿಮ್ಮ ಜೀವ ಉಳಿಸ್ತಿದೆ. ಟ್ರಿಪ್ ಆಗದೆ ಬರೀ ಬಿಸಿ ಆಗ್ತಿಲ್ಲ ಅಂದ್ರೆ ಅತಿಬಿಸಿ ತಡೆಯೋ ಕಟ್‌ಔಟ್ ಹಾರಿರಬಹುದು. ಮೇನ್ ಆಫ್ ಮಾಡಿ ಮುಚ್ಚಳ ತೆಗೆದರೆ ತುಂಬ ಮಾಡೆಲ್‌ಗಳಲ್ಲಿ ಪುಟ್ಟ ರೀಸೆಟ್ ಗುಂಡಿ ಇರುತ್ತೆ, ಒಂದು ಸಲ ಒತ್ತಿ. ಮತ್ತೆ ಹಾರಿದರೆ ಬಿಸಿಯನ್ನ ಹತೋಟಿಯಲ್ಲಿಡೋ ಥರ್ಮೋಸ್ಟಾಟ್ ಹೋಗಿರಬಹುದು, ಮೆಕ್ಯಾನಿಕ್ ಕರೀರಿ. ಬಿಸಿ ಆಗುತ್ತೆ ಆದ್ರೆ ತುಂಬ ಹೊತ್ತು ಹಿಡಿಯುತ್ತೆ, ಒಳಗೆ ಕಟಕಟ ಸದ್ದು ಬರುತ್ತೆ ಅಂದ್ರೆ ಎಲಿಮೆಂಟಿಗೆ ಸುಣ್ಣ ಕಟ್ಟಿದೆ. ಬಿಸಿ ಆಗುವಾಗ ಸೇಫ್ಟಿ ವಾಲ್ವಿನಿಂದ ಕೆಲವು ಹನಿ ಬೀಳೋದು ಸಹಜ, ಅದಕ್ಕೆ ಬಿರಡೆ ಜಡಿಯಬೇಡಿ, ಟ್ಯಾಂಕ್ ಸಿಡಿಯೋದು ಹಾಗೇ.

ಕಾರು. ವೋಲ್ಟ್ ಅಳೆಯೋ ಮಲ್ಟಿಮೀಟರ್ ಇದ್ದರೆ ಐದು ನಿಮಿಷದ ಕೆಲಸ. ರಾತ್ರಿಯಿಡೀ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಖಾಲಿ ಅಂತಲೇ ಲೆಕ್ಕ. ಇಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಬರಬೇಕು. ಬರದಿದ್ದರೆ ಬ್ಯಾಟರಿ ಬದಲಿಸಿ ಪ್ರಯೋಜನ ಇಲ್ಲ, ಓಡುವಾಗ ಬ್ಯಾಟರಿ ತುಂಬಿಸೋ ಆಲ್ಟರ್ನೇಟರ್ ನೋಡಿಸಿ. ಅದಕ್ಕೂ ಮುಂಚೆ ಬ್ಯಾಟರಿಗೆ ತಂತಿ ಕೂರೋ ಟರ್ಮಿನಲ್ ನೋಡಿ: ಬಿಳಿ ಇಲ್ಲವೇ ಹಸಿರು ಪುಡಿ ಹೂವಿನ ಹಾಗೆ ಅರಳಿದ್ದರೆ ಎಷ್ಟೋ ಸಲ ತೊಂದರೆ ಅಷ್ಟೇ. ಮೈನಸ್ ತಂತಿ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಸೋಡಾಪುಡಿ ನೀರಲ್ಲಿ ಹಳೇ ಹಲ್ಲುಜ್ಜೋ ಬ್ರಷ್ಷಿಂದ ತಿಕ್ಕಿ, ಒಣಗಿಸಿ, ಪ್ಲಸ್ ಮೊದಲು ಹಾಕಿ, ಮೈನಸ್ ಕೊನೆಗೆ.

ಬೇರೆ ಕಾರಿನಿಂದ ಜಂಪ್ ಕೊಡೋದಾದರೆ ಕೆಂಪು ವಯರು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವಯರು ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕೊನೇ ತುದಿ ಸತ್ತ ಕಾರಿನ ಇಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೂ ಬ್ಯಾಟರಿಯ ಹೈಡ್ರೋಜನ್ ಹತ್ತಿಕೊಳ್ಳಬಾರದು ಅಂತ ಈ ಕ್ರಮ. ಹೆಪ್ಪುಗಟ್ಟಿ ಉಬ್ಬಿದ ಬ್ಯಾಟರಿಗೆ ಜಂಪ್ ಕೊಡಲೇಬೇಡಿ. ಸ್ಟಾರ್ಟ್ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಓಡಿಸಿ. ನಿಮ್ಮ ಕೇಸಲ್ಲಿ ಕಾರು ವಾರಗಟ್ಟಲೆ ನಿಂತಿದ್ದು, ಆಮೇಲೆ ಹತ್ತು ಹತ್ತು ನಿಮಿಷ ಓಡಿಸಿದ್ದು ಕಾರಣ ಇರಬಹುದು, ಅಷ್ಟರಲ್ಲಿ ಬ್ಯಾಟರಿ ತುಂಬಲ್ಲ.

ಮುಖ್ಯವಾದ ಒಂದು ಮಾತು: ರಾತ್ರಿ ನಿದ್ದೆಗೆಟ್ಟವರು ಬೆಳಿಗ್ಗೆ ಕರೆಂಟಿನ ಕೆಲಸಕ್ಕೆ ಕೈ ಹಾಕಬೇಡಿ, ಏಣಿ ಹತ್ತಬೇಡಿ. ದೂರದ ಡ್ರೈವಿಂಗೂ ಈ ಕೆಲವು ವಾರ ಬೇರೆಯವರಿಗೆ ಬಿಡಿ.

ಕಡತದಕಟ್ಟು

ಲಕೋಟೆಗಳ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು. ದಿನಕ್ಕೆ ಒಂದೇ ಫೋನು ಅನ್ನುವ ಸಲಹೆ ಮಿಕ್ಕ ಕೆಲಸಕ್ಕೆ ಸರಿ, ಕಾಗದದ ಕೆಲಸಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ದಿನಾ ಒಂದು ಫೋನಿನಲ್ಲಿ "ಅವರು ತೀರಿಕೊಂಡರು" ಅನ್ನುವ ಮಾತನ್ನು ಹೊಸದಾಗಿ ಹೇಳುತ್ತ ಹೋದರೆ ಗಾಯ ದಿನಾ ಕೆರೆದ ಹಾಗೆ. ವಾರಕ್ಕೆ ಒಂದು ಬೆಳಗ್ಗೆ ಗೊತ್ತುಮಾಡಿಕೊಂಡು ಎರಡು ಗಂಟೆ, ಇಬ್ಬರು ಕೂತು, ಒಬ್ಬರು ಮಾತಾಡಿ ಒಬ್ಬರು ಬರೆದುಕೊಂಡು ಮುಗಿಸಿ.

ಮೊದಲ ಸಲ ಲಕೋಟೆ ಒಡೆಯುವಾಗ ಏನನ್ನೂ ಬಗೆಹರಿಸಲು ಹೋಗಬೇಡಿ. ಒಡೆದು, ದಿನಾಂಕ ನೋಡಿ, ಮೂರು ಗುಂಪು ಮಾಡಿ: ಕಡೇ ದಿನಾಂಕ ಇರುವುದು, ಅವರ ಹೆಸರಿನಲ್ಲಿರುವುದು, ಉಳಿದದ್ದು. ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ: ದಿನ, ಯಾವ ಕಚೇರಿ, ಮಾತಾಡಿದವರ ಹೆಸರು, ಅವರು ಕೊಟ್ಟ ನಂಬರು, ಮುಂದೆ ಏನು. ಈ ಸ್ಥಿತಿಯಲ್ಲಿ ಯಾರಿಗೂ ನೆನಪು ಉಳಿಯಲ್ಲ, ಆ ಪುಸ್ತಕವೇ ನೆನಪು.

ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒಂದೇ ಸಲ ಎಂಟು ಹತ್ತು ತೆಗೆಸಿಡಿ. ಬ್ಯಾಂಕು, ವಿಮೆ, ಪಿಂಚಣಿ, ಆಸ್ತಿ, ವಾಹನ ಎಲ್ಲರೂ ಕೇಳುತ್ತಾರೆ, ಕೆಲವರು ವಾಪಸ್ ಕೊಡಲ್ಲ. ಕೈಗೆ ಬಂದ ತಕ್ಷಣ ಹೆಸರಿನ ಕಾಗುಣಿತ, ಜನ್ಮದಿನಾಂಕ ಗುರುತಿನ ಚೀಟಿಯ ಜೊತೆ ತಾಳೆ ನೋಡಿ. ಒಂದಕ್ಷರ ತಪ್ಪಿದ್ದರೆ ಮುಂದೆ ಪ್ರತಿಯೊಂದು ಕಚೇರಿಯಲ್ಲೂ ಅದೇ ಕಾರಣಕ್ಕೆ ಅರ್ಜಿ ವಾಪಸ್ ಬರುತ್ತೆ.

ಅವರ ಮೊಬೈಲ್ ನಂಬರನ್ನು ಈಗಲೇ ರದ್ದು ಮಾಡಬೇಡಿ. ಇದರಲ್ಲಿ ಎಡವುವವರು ಬಹಳ. ಖಾತೆಗಳ ಪತ್ರವ್ಯವಹಾರಕ್ಕೆ ಬರುವ ಕೋಡು, ಎಚ್ಚರಿಕೆ ಸಂದೇಶ ಎಲ್ಲವೂ ಆ ನಂಬರಿಗೇ ಬರುತ್ತವೆ. ಆರು ತಿಂಗಳಿಂದ ಒಂದು ವರ್ಷ ಜೀವಂತ ಇಡಿ, ಫೋನನ್ನು ಚಾರ್ಜ್‌ನಲ್ಲಿಡಿ. ಲಾಕ್ ಗೊತ್ತಿಲ್ಲದಿದ್ದರೆ ಊಹೆ ಮಾಡಿ ಒತ್ತುತ್ತ ಕೂರಬೇಡಿ, ಹಲವು ಸಲ ತಪ್ಪಿದರೆ ಕೆಲವು ಫೋನುಗಳು ಎಲ್ಲವನ್ನೂ ಅಳಿಸಿಹಾಕುತ್ತವೆ. ಅವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವುದು ಬೇಡ, ಪಿನ್ ನಿಮಗೆ ಗೊತ್ತಿದ್ದರೂ. ಒಳ್ಳೇ ಉದ್ದೇಶದಿಂದ ತೆಗೆದದ್ದೇ ಮುಂದೆ ವಾರಸುದಾರರ ನಡುವೆ ಜಗಳಕ್ಕೆ, ಬ್ಯಾಂಕಿನ ತಕರಾರಿಗೆ ದಾರಿಯಾಗುತ್ತೆ. ಪಿಂಚಣಿ ಕೊಡುವ ಕಚೇರಿಗೆ ಬೇಗ ತಿಳಿಸಿ, ಸಾವಿನ ನಂತರ ಜಮೆಯಾದ ಹಣವನ್ನು ಅವರು ವಾಪಸ್ ಕೇಳುತ್ತಾರೆ, ಅದನ್ನು ಮುಟ್ಟದೆ ಇಡಿ.

ತಾನಾಗಿ ಕಡಿತವಾಗುವ ಹಣವನ್ನು ಹುಡುಕಲು ಬ್ಯಾಂಕಿನ 13 ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ, 12 ಸಾಲದು. ವರ್ಷಕ್ಕೊಮ್ಮೆ ಕಡಿತವಾಗುವ ಚಂದಾ, ವಿಮೆಯ ಕಂತು ಒಂದೆರಡು ದಿನ ಹಿಂದೆಮುಂದೆ ಆಗಿ 12ರ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ. ಆ ಪಟ್ಟಿಯಲ್ಲಿ ನಿಮಗೆ ಗೊತ್ತೇ ಇರದ ವಿಮೆಯೂ ಸಿಗಬಹುದು. ಕರೆಂಟು, ನೀರು, ಇಂಟರ್‌ನೆಟ್ ಅವರ ಹೆಸರಲ್ಲಿದ್ದರೆ "ರದ್ದು" ಅನ್ನುವ ಪದ ಬಳಸದೆ "ಹೆಸರು ಬದಲಾವಣೆ" ಅಂತಲೇ ಕೇಳಿ. ಚಳಿಗಾಲದಲ್ಲಿ ಸಂಪರ್ಕ ತಪ್ಪಿದರೆ ಕಷ್ಟ ಎರಡು ಪಾಲು. ಆ ಕಾರು ಯಾರ ಹೆಸರಲ್ಲಿದೆ? ಹೋದವರ ಹೆಸರಲ್ಲಿದ್ದರೆ ಓಡಿಸುವ ಮುಂಚೆ ವಿಮಾ ಕಂಪನಿಗೆ ತಿಳಿಸಿ ಬರಹದಲ್ಲಿ ಉತ್ತರ ಪಡೆಯಿರಿ.

ಸಾಲ ವಸೂಲಿಗೆ ಯಾರಾದರೂ ಫೋನು ಮಾಡಿದರೆ ಆ ಕ್ಷಣಕ್ಕೆ ಏನನ್ನೂ ಒಪ್ಪಿಕೊಳ್ಳಬೇಡಿ, ಒಂದು ರೂಪಾಯಿಯನ್ನೂ ಕಟ್ಟಬೇಡಿ, ಬರಹದಲ್ಲಿ ಕಳಿಸಿ ಅನ್ನಿ. ಸಾಮಾನ್ಯವಾಗಿ ಸಾಲ ತೀರಬೇಕಾದದ್ದು ಹೋದವರು ಬಿಟ್ಟ ಆಸ್ತಿಯಿಂದ. ಜಂಟಿಯಾಗಿ ಸಹಿ ಹಾಕಿದವರು, ಜಾಮೀನು ನಿಂತವರ ಮಾತು ಬೇರೆ. ನಿಯಮ ದೇಶದಿಂದ ದೇಶಕ್ಕೆ ಬೇರೆ ಇರುವುದರಿಂದ ದೊಡ್ಡ ಮೊತ್ತವಾದರೆ ವಕೀಲರಿಗೆ ತೋರಿಸಿ. ನಿಧನದ ಸುದ್ದಿ ನೋಡಿ ಫೋನು ಮಾಡುವ ವಂಚಕರೂ ಇದ್ದಾರೆ. ಅವರ ಗುರುತು ಒಂದೇ: ಇವತ್ತೇ, ಈಗಲೇ ಅನ್ನುತ್ತಾರೆ.

ಹಗಲುಬೆಳಕು

ಎಲ್ಲರಿಗೂ ಮನಸ್ಸಿನಿಂದ ವಂದನೆ. ಕೆಂಡದ ವಿಷಯ ಓದಿ ಮೊದಲು ಎದ್ದು ಹೋಗಿ ಅದನ್ನೇ ನೋಡಿದೆವು. ಇನ್ನೆರಡು ಪ್ರಶ್ನೆ ಉಳಿದಿವೆ. ಅಮ್ಮ ರಾತ್ರಿ ಎರಡಕ್ಕೆ ಎದ್ದರೆ ಮತ್ತೆ ಮಲಗುವುದಿಲ್ಲ, ನಿದ್ದೆ ಮಾತ್ರೆ ಕೊಡಿಸಿ ಅಂತ ನೆಂಟರು ಹೇಳುತ್ತಿದ್ದಾರೆ. ಕೊಡಿಸಬಹುದಾ? ಆರು ವರ್ಷದ ಮಗುವಿಗೆ "ತಾತ ಮಲಗಿದ್ದಾರೆ" ಎಂದು ಹೇಳಿದ್ದೆವು, ಈಗ ಅದು ಮಲಗಲು ಹೆದರುತ್ತಿದೆ.

ಎಳೆಬಿಸಿಲು

ಅಮ್ಮನ ವಿಷಯ ಬರೆಯುತ್ತೇನೆ. ಮಾತ್ರೆಗಿಂತ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಿ.

ಒಂದು, ಹೃದಯ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹತ್ತಿರದವರ ಸಾವಿನ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಸಂಭವ ಸುಮಾರು 21 ಪಟ್ಟು ಏರಿದ್ದು ಕಂಡಿತು. ದಿನ ಕಳೆದಂತೆ ಅದು ಇಳಿಯುತ್ತದೆ, ಆದರೆ ಸಂಗಾತಿಯನ್ನು ಕಳೆದುಕೊಂಡವರಿಗೆ ಮೊದಲ ಕೆಲವು ತಿಂಗಳು ಎಚ್ಚರ ಬೇಕೇ ಬೇಕು. ಅದರ ಮೇಲೆ ಚಳಿ ರಕ್ತನಾಳಗಳನ್ನು ಬಿಗಿಹಿಡಿದು ರಕ್ತದೊತ್ತಡ ಏರಿಸುತ್ತದೆ. ತೀವ್ರ ಆಘಾತದಿಂದ ಹೃದಯದ ಎಡಭಾಗ ತಾತ್ಕಾಲಿಕವಾಗಿ ಬಲೂನಿನಂತೆ ಉಬ್ಬುವ ಟಾಕೋತ್ಸುಬೋ ಎಂಬ ಸ್ಥಿತಿಯೂ ಇದೆ. ಇದನ್ನು ಮೊದಲು ವಿವರಿಸಿದ್ದು 1990ರಲ್ಲಿ ಜಪಾನಿನ ವೈದ್ಯರು, ಹೆಚ್ಚಾಗಿ ಕಾಣುವುದು ಮುಟ್ಟು ನಿಂತ ಹೆಂಗಸರಲ್ಲಿ. ಲಕ್ಷಣ ಹೃದಯಾಘಾತದಂತೆಯೇ. ಎದೆ ನೋವು, ಉಸಿರು ಕಟ್ಟುವುದು ಕಂಡರೆ "ಸಂಕಟಕ್ಕೆ ಹೀಗೆ" ಎಂದು ಮಲಗಿಸದೆ ತಕ್ಷಣ ಆಸ್ಪತ್ರೆಗೆ.

ಎರಡು, ಈಗಿರುವ ಔಷಧಿ. ವಯಸ್ಸಾದ ದಂಪತಿಗಳಲ್ಲಿ ಇಬ್ಬರ ಮಾತ್ರೆಯನ್ನೂ ಒಬ್ಬರೇ ನೋಡಿಕೊಳ್ಳುವುದು ಸಾಮಾನ್ಯ. ಆ ಒಬ್ಬರು ಹೋಗಿದ್ದರೆ ಅಮ್ಮನ ಮಾತ್ರೆ ಐದು ವಾರದಿಂದ ಹೇಗೆ ನಡೆದಿದೆ ಎಂದು ಯಾರಾದರೂ ಎಣಿಸಿ ನೋಡಿದ್ದೀರಾ? ಪಟ್ಟಿ ಹಿಡಿದು ಎಣಿಸಿ. ಬೆಳಿಗ್ಗೆ ರಾತ್ರಿ ಬೇರೆ ಬೇರೆ ಗೂಡಿರುವ ಏಳು ದಿನದ ಡಬ್ಬಿ ತನ್ನಿ, ವಾರಕ್ಕೊಮ್ಮೆ ಒಬ್ಬರು ತುಂಬಿಸಲಿ. ಹೋದವರ ಉಳಿದ ಮಾತ್ರೆಗಳನ್ನು ಮನೆಯಲ್ಲಿಡಬೇಡಿ, ಔಷಧಿ ಅಂಗಡಿ ವಾಪಸ್ ಪಡೆಯುವುದಾದರೆ ಅಲ್ಲಿಗೆ ಕೊಡಿ. ಅದಲುಬದಲಾಗುವ ಭಯ ಒಂದು, ದುಃಖ ಮಿತಿಮೀರಿದ ರಾತ್ರಿಯಲ್ಲಿ ಕೈಗೆ ಸಿಗಬಾರದು ಎಂಬುದು ಇನ್ನೊಂದು.

ನಿದ್ದೆ ಮಾತ್ರೆ ನೆಂಟರ ಮಾತಿನ ಮೇಲೆ ಬೇಡ. ಬೆಂಜೊಡಯಾಜೆಪೈನ್ ಗುಂಪಿನವು ಕೆಲವೇ ವಾರಗಳಲ್ಲಿ ಅಭ್ಯಾಸವಾಗುತ್ತವೆ, ವಯಸ್ಸಾದವರು ರಾತ್ರಿ ಎದ್ದಾಗ ತೂಕಡಿಸಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಹೆಚ್ಚು, ಅಗಲಿಕೆಯ ನೋವು ಅದರಿಂದ ಕರಗುವುದೂ ಇಲ್ಲ. ವೈದ್ಯರು ನೋಡಿ ಕೆಲವು ದಿನಕ್ಕೆ ಕೊಟ್ಟರೆ ಅದು ಬೇರೆ. ಮದ್ಯ ಕುಡಿದು ಮಲಗಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧ ಒಡೆದುಹೋಗುತ್ತದೆ. ಇದು ಮನೆಯ ನಡುವಯಸ್ಸಿನವರಿಗೆ ಹೇಳುತ್ತಿರುವ ಮಾತು.

ನಿದ್ದೆಗೆ ಮಾಡಬೇಕಾದದ್ದು ಬೆಳಿಗ್ಗೆ ಶುರುವಾಗುತ್ತದೆ. ರಾತ್ರಿ ಎಷ್ಟೇ ಕೆಟ್ಟಿರಲಿ, ಏಳುವ ಹೊತ್ತು ಒಂದೇ ಇರಲಿ. ಎದ್ದ ಒಂದು ಗಂಟೆಯೊಳಗೆ ಬೆಳಕು ಬೇಕು. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ 100ರಿಂದ 500 ಲಕ್ಸ್ (ಬೆಳಕಿನ ಅಳತೆ), ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರದ ಮೇಲೆ ಇರುತ್ತದೆ. ಅರ್ಧ ಗಂಟೆ ಹೊರಗೆ ನಡೆದಾಡಲಿ, ಆಗದಿದ್ದರೆ ಕಿಟಕಿಗೆ ಆನಿಸಿದ ಕುರ್ಚಿಯಾದರೂ ಸರಿ. ಚಳಿಗಾಲದ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದ ಮೇಲೆ ಬೆಳಕಿನ ಚಿಕಿತ್ಸೆ ಬಳಕೆಗೆ ಬಂತು: 10,000 ಲಕ್ಸಿನ ದೀಪ, ಬೆಳಿಗ್ಗೆ 30 ನಿಮಿಷ, ತಯಾರಕರು ಹೇಳಿದ ದೂರದಲ್ಲಿ, ದೀಪವನ್ನು ನೇರ ದಿಟ್ಟಿಸದೆ. ದೂರ ದುಪ್ಪಟ್ಟಾದರೆ ಬೆಳಕು ತುಂಬ ಇಳಿದುಬಿಡುತ್ತದೆ, ಕೋಣೆಯ ಮೂಲೆಯಲ್ಲಿಟ್ಟು ಪ್ರಯೋಜನವಾಗಲಿಲ್ಲ ಎನ್ನುವುದು ಅದಕ್ಕೆ. ಕಣ್ಣಿನ ಪೊರೆ, ರೆಟಿನಾ ತೊಂದರೆ, ಬೈಪೋಲಾರ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಬಳಸಬಾರದು.

ಎರಡು ಗಂಟೆಗೆ ಎಚ್ಚರವಾದಾಗ: ಗಡಿಯಾರ ಕಾಣದಂತೆ ತಿರುಗಿಸಿಡಿ. ಅಂದಾಜು 20 ನಿಮಿಷ ಕಳೆದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು, ಮಂದ ದೀಪದಲ್ಲಿ ಬೆಚ್ಚಗೆ ಕೂತು, ಕಣ್ಣು ಎಳೆದಾಗ ಮತ್ತೆ ಮಲಗುವುದು. ನಡೆಯುವ ದಾರಿಗೆ ಸಣ್ಣ ದೀಪ, ಹೊದೆಯಲು ಶಾಲು, ಕಾಲಿಗೆ ಜಾರದ ಚಪ್ಪಲಿ ಮೊದಲೇ ಇಟ್ಟಿರಿ. ಮಧ್ಯಾಹ್ನದ ನಂತರ ಕಾಫಿ ಬೇಡ, ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಚಳಿಯಲ್ಲಿ ವಯಸ್ಸಾದವರಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ, ಹಗಲು ಹೊತ್ತು ಬಿಸಿ ಬಿಸಿಯಾಗಿ ಏನಾದರೂ ಕುಡಿಸುತ್ತ ಇರಿ.

"ನಾನೂ ಅವರ ಹಿಂದೆಯೇ ಹೋಗಿಬಿಟ್ಟರೆ ಸಾಕು" ಎಂಬ ಮಾತು ಸಂಗಾತಿ ಕಳೆದುಕೊಂಡವರ ಬಾಯಲ್ಲಿ ಬರುವುದುಂಟು. ಹೆದರಿ ಮಾತು ಬದಲಿಸಬೇಡಿ. ಸಾಯಬೇಕು ಅನ್ನಿಸುತ್ತಿದೆಯಾ, ಹೇಗೆ ಎಂದು ಯೋಚಿಸಿದ್ದೀಯಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ದಾರಿ, ದಿನ, ಸಿದ್ಧತೆ ಏನಾದರೂ ಹೇಳಿದರೆ ಒಂಟಿಯಾಗಿ ಬಿಡದೆ ಅವತ್ತೇ ವೈದ್ಯರ ಬಳಿ ಹೋಗಬೇಕು.

ಐದು ವಾರಕ್ಕೆ ಅಳು, ನಿದ್ದೆಗೇಡು ಎಲ್ಲ ಸಹಜವೇ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಲ್ಲಿ ದೊಡ್ಡವರಿಗೆ 12 ತಿಂಗಳು ದಾಟಿದ ಮೇಲೂ ದುಃಖ ದಿನದಿನವೂ ತೀವ್ರವಾಗಿದ್ದು ಬದುಕು ನಡೆಸಲಾಗದಿದ್ದರೆ ಮಾತ್ರ ಅದನ್ನು ಕಾಯಿಲೆಯಾಗಿ ನೋಡುತ್ತಾರೆ. ಆಗ ಅದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ.

ಮೆಲುದನಿ

ಮಗುವಿನದು ಇವತ್ತೇ ಸರಿಪಡಿಸಬಹುದಾದ ವಿಷಯ. "ಮಲಗಿದ್ದಾರೆ", "ದೂರ ಹೋಗಿದ್ದಾರೆ" ಎಂದರೆ ಆ ವಯಸ್ಸಿನ ಮಗು ಅದನ್ನು ಅಕ್ಷರಶಃ ಹಿಡಿಯುತ್ತದೆ, ಹಾಗಾಗಿ ಮಲಗಲು ಭಯ. ಹಗಲಿನಲ್ಲಿ, ಮಲಗುವ ಹೊತ್ತಿನಲ್ಲಲ್ಲ, ಮಡಿಲಲ್ಲಿ ಕೂರಿಸಿಕೊಂಡು ಚಿಕ್ಕ ವಾಕ್ಯಗಳಲ್ಲಿ ತಿದ್ದಿ ಹೇಳಿ: "ಮೊನ್ನೆ ತಾತ ಮಲಗಿದ್ದಾರೆ ಅಂದೆವಲ್ಲ, ಅದು ಸರಿಯಾದ ಮಾತಲ್ಲ. ತಾತ ಸತ್ತುಹೋದರು. ಸತ್ತರೆ ಮೈ ಕೆಲಸ ಮಾಡುವುದು ನಿಲ್ಲುತ್ತೆ, ಉಸಿರಾಡಲ್ಲ, ನೋವಾಗಲ್ಲ, ಮತ್ತೆ ಬರಲ್ಲ. ಮಲಗುವುದು ಬೇರೆ. ಮಲಗಿದವರು ಎದ್ದೇ ಏಳುತ್ತಾರೆ."

ಮಕ್ಕಳ ಮನಸ್ಸಿನಲ್ಲಿ ಕೇಳಿಯೂ ಕೇಳದ ಮೂರು ಪ್ರಶ್ನೆಗಳಿರುತ್ತವೆ: ಇದು ನನ್ನಿಂದ ಆಯಿತಾ, ನನಗೂ ಬರುತ್ತಾ, ನನ್ನನ್ನು ಯಾರು ನೋಡಿಕೊಳ್ಳುತ್ತಾರೆ. ಅದು ಕೇಳುವವರೆಗೆ ಕಾಯದೆ ಮೂರಕ್ಕೂ ಉತ್ತರ ಕೊಡಿ. "ಕಾಯಿಲೆ ಬಂದು ಸತ್ತರು" ಎಂದಷ್ಟೇ ಅಂದರೆ ಮುಂದಿನ ನೆಗಡಿಗೂ ಹೆದರುತ್ತದೆ, "ತುಂಬ ತುಂಬ ದೊಡ್ಡ ಕಾಯಿಲೆ, ನೆಗಡಿಯ ಹಾಗಲ್ಲ" ಎಂದು ಸೇರಿಸಿ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತದೆ, ಹತ್ತು ಸಲವೂ ಅದೇ ಪದಗಳಲ್ಲಿ ಹೇಳಿ. ಅತ್ತ ಐದೇ ನಿಮಿಷಕ್ಕೆ ಆಟಕ್ಕೆ ಓಡಿದರೆ ಮನಸ್ಸಿಗೆ ತಟ್ಟಿಲ್ಲ ಎಂದಲ್ಲ, ಮಕ್ಕಳು ದುಃಖಿಸುವುದೇ ಹಾಗೆ ತುಣುಕು ತುಣುಕಾಗಿ. ಹಾಸಿಗೆ ಒದ್ದೆ ಮಾಡುವುದು, ಬೆರಳು ಚೀಪುವುದು ಮತ್ತೆ ಶುರುವಾದರೆ ಕೆಲವು ವಾರ ಗದರಬೇಡಿ.

ಕೆಲವು ರಾತ್ರಿ ಪಕ್ಕದಲ್ಲಿ ಮಲಗಿ, ಬಾಗಿಲು ಅರ್ಧ ತೆರೆದಿರಲಿ, "ಬೆಳಿಗ್ಗೆ ನಾನೇ ಬಂದು ಎಬ್ಬಿಸುತ್ತೇನೆ" ಎಂದು ಹೇಳಿ ಹಾಗೆಯೇ ಎಬ್ಬಿಸಿ. ಶಾಲೆಯ ಟೀಚರಿಗೆ ಒಂದು ಚೀಟಿ ಕಳಿಸಿ: ಯಾರು ತೀರಿಕೊಂಡರು, ಮನೆಯಲ್ಲಿ ಯಾವ ಪದ ಬಳಸಿ ಹೇಳಿದ್ದೀರಿ, ದಿನಾ ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ನಡುವೆ ಅತ್ತರೆ ಯಾರಿಗೆ ಫೋನು ಮಾಡಬೇಕು. ಇಷ್ಟೇ ಸಾಕು.